ಲ್ಯಾಪ್‌ಟಾಪ್ ಕೆಟ್ಟರೆ ಪ್ಲಗಿನ್‌ಗಳೂ ಹೋದವೇ?

ಪ್ರಶ್ನೆ: ನಾನು ದಾವಣಗೆರೆಯವನು. ಭಾವಗೀತೆ, ದೇವರನಾಮಗಳಿಗೆ ಮನೆಯ ಡೆಸ್ಕ್‌ಟಾಪ್‌ನಲ್ಲಿ ಟ್ರ್ಯಾಕ್ ಮಾಡುತ್ತೇನೆ. ಗಾಯನದ ರೆಕಾರ್ಡಿಂಗ್‌ಗೆ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನ ಸ್ಟುಡಿಯೊಗಳಿಗೆ ಹೋಗುತ್ತೇನೆ. ಈಚೆಗೆ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಸಂಗೀತ ರೆಕಾರ್ಡಿಂಗ್ ತಂತ್ರಾಂಶ ಕ್ಯೂಬೇಸ್ 13, ಅದರೊಳಗೆ ಸೇರಿಸಿಕೊಳ್ಳುವ ಪ್ಲಗಿನ್‌ಗಳಾದ (ಪೂರಕ ತಂತ್ರಾಂಶಗಳಾದ) ಕೊಂಟಾಕ್ಟ್, ವೇವ್ಸ್, ಫ್ಯಾಬ್‌ಫಿಲ್ಟರ್, ಜೊತೆಗೆ ಐಲಾಕ್ ಎಂಬ ಲೈಸೆನ್ಸ್ ವ್ಯವಸ್ಥೆ ಕೇಳುವ ಎರಡು ರಿವರ್ಬ್‌ಗಳು (ದನಿಗೆ ಅನುರಣನ ಕೊಡುವ ಪ್ಲಗಿನ್‌ಗಳು) ಅದರಲ್ಲಿದ್ದವು. ಎಲ್ಲವನ್ನೂ ಮತ್ತೆ ಕೊಳ್ಳಬೇಕೆ? ಒಂದೇ ಪ್ಲಗಿನ್ನನ್ನು ಎರಡು ಕಂಪ್ಯೂಟರುಗಳಲ್ಲಿ ಬಳಸುವುದು ತಪ್ಪೇ?

ಉತ್ತರ: ಯಾವುದನ್ನೂ ಮತ್ತೆ ಕೊಳ್ಳಬೇಡಿ. ತಪ್ಪೋ ಸರಿಯೋ ಎಂಬುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ನಿಮ್ಮ ಪಟ್ಟಿಯಲ್ಲಿರುವ ಐದೂ ಒಂದೇ ಬಗೆಯವಲ್ಲ. ಹಾಗಾಗಿ ಲೈಸೆನ್ಸ್ ಎಲ್ಲಿ ಕುಳಿತಿದೆ ಎಂಬುದನ್ನು ಮೊದಲು ನೋಡಿ: ಖಾತೆಯಲ್ಲೋ, ಕಂಪ್ಯೂಟರಿನಲ್ಲೋ, ಡಾಂಗಲ್‌ನಲ್ಲೋ (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ಲೈಸೆನ್ಸ್ ಕೀಲಿ)?

ಸುಲಭದವನ್ನು ಬೇಗ ಮುಗಿಸೋಣ. ಫ್ಯಾಬ್‌ಫಿಲ್ಟರ್‌ನದು ಬರೀ ಅಕ್ಷರಗಳ ಕೀಲಿ. ಬಳಸುವವರು ನೀವೊಬ್ಬರೇ ಆಗಿರುವವರೆಗೆ ನಿಮ್ಮ ಎಲ್ಲ ಕಂಪ್ಯೂಟರುಗಳಲ್ಲೂ ಅದನ್ನು ಹಾಕಿಕೊಳ್ಳಬಹುದು. ಇಂಥ ಸಜ್ಜನಿಕೆ ಈ ವ್ಯಾಪಾರದಲ್ಲಿ ಅಪರೂಪ. ಕೊಂಟಾಕ್ಟ್‌ಗೆ ಹೊಸ ಲ್ಯಾಪ್‌ಟಾಪಿನಲ್ಲಿ ಅದರ ಕಂಪನಿಯ ನೇಟಿವ್ ಆ್ಯಕ್ಸೆಸ್ ಎಂಬ ತಂತ್ರಾಂಶ ಹಾಕಿ ನಿಮ್ಮ ಖಾತೆಗೆ ಲಾಗಿನ್ ಆದರೆ ಸಾಕು. ಮೂರು ಕಂಪ್ಯೂಟರುಗಳವರೆಗೆ ಅನುಮತಿಯಿದೆ. 2022ರಲ್ಲಿ ಬಂದ ಕ್ಯೂಬೇಸ್ 12ರಿಂದ ಈಚೆಗೆ ಅದರ ತಯಾರಕ ಕಂಪನಿ ಸ್ಟೈನ್‌ಬರ್ಗ್ ಕೂಡ ಮೂರು ಕಂಪ್ಯೂಟರುಗಳಿಗೆ ಅವಕಾಶ ಕೊಡುತ್ತದೆ. ಸತ್ತ ಲ್ಯಾಪ್‌ಟಾಪ್ ಒಂದು ಜಾಗ ಹಿಡಿದಿದ್ದರೂ ಹೊಸದಕ್ಕೆ ಇನ್ನೊಂದು ಉಳಿದಿರುತ್ತದೆ.

ತಲೆನೋವು ವೇವ್ಸ್ ಮತ್ತು ಐಲಾಕ್‌ನವು. ಕಂಪ್ಯೂಟರಿಗೆ ಲೈಸೆನ್ಸ್ ಕಟ್ಟುವಾಗ ಈ ತಂತ್ರಾಂಶಗಳು ಯಂತ್ರದ ಬಿಡಿಭಾಗಗಳ ಗುರುತುಗಳನ್ನು ಓದಿಕೊಳ್ಳುತ್ತವೆ. ಮದರ್‌ಬೋರ್ಡ್ ಬದಲಾದರೆ ಅವುಗಳ ಕಣ್ಣಿಗೆ ಅದು ಬೇರೆಯೇ ಕಂಪ್ಯೂಟರ್. ರಿಪೇರಿ ಅಂಗಡಿಯವರು ಹಳೆಯ ಹಾರ್ಡ್ ಡಿಸ್ಕನ್ನೇ ಹೊಸ ಬೋರ್ಡಿಗೆ ಜೋಡಿಸಿ "ಎಲ್ಲ ಹಾಗೇ ಇದೆ ಸರ್" ಎಂದರೂ, ಲೈಸೆನ್ಸ್ ಹಾಗೇ ಇರುತ್ತದೆಂದು ನಂಬಬೇಡಿ.

ವೇವ್ಸ್‌ನಲ್ಲಿ ಒಂದು ಲೈಸೆನ್ಸ್ ಒಂದು ಹೊತ್ತಿಗೆ ಒಂದೇ ಕಡೆ ಇರುತ್ತದೆ. ಅಪ್‌ಡೇಟ್ ಪ್ಲಾನ್ ಚಾಲ್ತಿಯಲ್ಲಿದ್ದರೆ ಎರಡನೆಯದೂ ಸಿಗುತ್ತದೆ. ಕಂಪ್ಯೂಟರ್ ಸತ್ತವರಿಗಾಗಿ ವೇವ್ಸ್ ಸೆಂಟ್ರಲ್ ಎಂಬ ಅವರ ತಂತ್ರಾಂಶದಲ್ಲಿ ಲೈಸೆನ್ಸನ್ನು ಮರಳಿ ಕ್ಲೌಡ್‌ಗೆ ಎಳೆದುಕೊಳ್ಳುವ ವ್ಯವಸ್ಥೆಯಿದೆ, ಆದರೆ ಅದು ವರ್ಷಕ್ಕೊಮ್ಮೆ ಮಾತ್ರ. ಈಗ ನಿಮಗೆ ಅದು ಬೇಕೇ ಬೇಕು, ಬಳಸಿಕೊಳ್ಳಿ. ಆಮೇಲೆ ಲೈಸೆನ್ಸನ್ನು ಲ್ಯಾಪ್‌ಟಾಪಿನ ಮೇಲೆ ಹಾಕದೆ ಸಾಮಾನ್ಯ ಪೆನ್ ಡ್ರೈವ್‌ನಲ್ಲಿ ಇರಿಸಿ. ವೇವ್ಸ್ ಅದಕ್ಕೆ ಒಪ್ಪುತ್ತದೆ. ಎರಡೂ ಕಂಪ್ಯೂಟರುಗಳಲ್ಲಿ ಪ್ಲಗಿನ್ ಹಾಕಿಟ್ಟುಕೊಂಡು, ಕೆಲಸ ಮಾಡುವ ಕಡೆ ಪೆನ್ ಡ್ರೈವ್ ಚುಚ್ಚಿದರಾಯಿತು. ಆ ಪೆನ್ ಡ್ರೈವ್‌ನಲ್ಲಿ ಬೇರೇನನ್ನೂ ತುಂಬಬೇಡಿ. ಮದುವೆ ವಿಡಿಯೊ ಕೊಡಲೆಂದು ಯಾರೋ ಅದನ್ನು ಫಾರ್ಮ್ಯಾಟ್ ಮಾಡಿದರೆ ಲೈಸೆನ್ಸೂ ಹೋಯಿತು!

ಐಲಾಕ್‌ನಲ್ಲಿ ಮೂರು ದಾರಿಗಳಿವೆ: ಯುಎಸ್‌ಬಿ ಡಾಂಗಲ್, ಕಂಪ್ಯೂಟರ್, ಕ್ಲೌಡ್. ಯಾವ ಪ್ಲಗಿನ್‌ಗೆ ಯಾವುದು ಸಲ್ಲುತ್ತದೆ ಎಂಬುದನ್ನು ತಯಾರಿಸಿದ ಕಂಪನಿ ತೀರ್ಮಾನಿಸಿರುತ್ತದೆ. ಐಲಾಕ್ ಲೈಸೆನ್ಸ್ ಮ್ಯಾನೇಜರ್‌ನಲ್ಲಿ ಅದು ಕಾಣುತ್ತದೆ. ನಿಮ್ಮ ರಿವರ್ಬ್‌ಗಳ ಲೈಸೆನ್ಸ್ ಸುಟ್ಟ ಲ್ಯಾಪ್‌ಟಾಪಿನಲ್ಲೇ ಸಿಕ್ಕಿಕೊಂಡಿದ್ದರೆ ಪ್ಲಗಿನ್ ತಯಾರಕರಿಗೆ ಖರೀದಿ ರಸೀದಿಯೊಂದಿಗೆ ಬರೆಯಿರಿ.

ಮುಂದಕ್ಕೆ ಡಾಂಗಲ್ಲೇ ವಾಸಿ ಎಂದು ನನ್ನ ಅಭಿಪ್ರಾಯ. ಕ್ಲೌಡ್ ಆದರೆ ಇಂಟರ್ನೆಟ್ ಸದಾ ಜೀವಂತವಿರಬೇಕು, ಒಂದು ಖಾತೆಗೆ ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್. ರೆಕಾರ್ಡಿಂಗ್ ಬೂತಿನಲ್ಲಿ ಗಾಯಕರು ಪಲ್ಲವಿಗೆ ಬಂದಾಗ ವೈಫೈ ಕೈಕೊಟ್ಟರೆ ಯಾರನ್ನು ದೂರುತ್ತೀರಿ? ಮೂರನೆಯ ತಲೆಮಾರಿನ ಐಲಾಕ್ 1,500 ಲೈಸೆನ್ಸ್‌ಗಳವರೆಗೆ ಹಿಡಿಯುತ್ತದೆ, ಟೈಪ್-ಸಿ ರೂಪದಲ್ಲೂ ಸಿಗುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿದ ಹಾಗೆಯೇ ಬ್ಯಾಗಿಗೆ ತುರುಕಬೇಡಿ. ಕುತ್ತಿಗೆ ಬಾಗಿ ಡಾಂಗಲ್ಲೂ ಹೋಗುತ್ತದೆ, ಪೋರ್ಟೂ ಹೋಗುತ್ತದೆ. ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಒಂದಿದ್ದರೆ ಒಳ್ಳೆಯದು. ಸಂಪಾದನೆಯೇ ಇದರಿಂದ ಎನ್ನುವವರು ಝೀರೊ ಡೌನ್‌ಟೈಮ್ ಎಂಬ ವಾರ್ಷಿಕ ರಕ್ಷಣೆ ಪಡೆಯಬಹುದು. ಡಾಂಗಲ್ ಕೆಟ್ಟಾಗ ಕೆಲಸ ನಿಲ್ಲದಂತೆ ತಾತ್ಕಾಲಿಕ ಲೈಸೆನ್ಸ್ ಕೊಡುತ್ತಾರೆ.

ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವ ಇಲ್ಲವೇ ಮಾರುವ ಮುನ್ನ ಎಲ್ಲ ಲೈಸೆನ್ಸ್‌ಗಳನ್ನೂ ಡಿಆ್ಯಕ್ಟಿವೇಟ್ ಮಾಡಿ. ಯಾವ ಪ್ಲಗಿನ್ ಯಾವ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಇಮೇಲಿನ ಪಾಸ್‌ವರ್ಡ್ ಮರೆತವರ ಪತ್ರಗಳೇ ನನಗೆ ಹೆಚ್ಚು ಬರುವುದು.

ಬೆಂಗಳೂರಿಗೆ ಹೋಗುವ ಮುನ್ನ ಪ್ಲಗಿನ್ ಹಾಕಿದ ಪ್ರತಿ ಟ್ರ್ಯಾಕನ್ನೂ ಆಡಿಯೊ ಫೈಲ್ ಆಗಿ ರೆಂಡರ್ ಮಾಡಿಕೊಳ್ಳಿ (ಪ್ಲಗಿನ್ ಇಲ್ಲದೆಯೂ ನುಡಿಯುವಂತೆ ಪರಿವರ್ತಿಸಿಕೊಳ್ಳಿ), ರಿವರ್ಬ್ ಇಲ್ಲದ ಒಂದು ಪ್ರತಿಯನ್ನೂ ಜೊತೆಗಿಡಿ. ಆ ಸ್ಟುಡಿಯೊದ ಕಂಪ್ಯೂಟರಿನಲ್ಲಿ ನಿಮ್ಮ ಒಂದು ಪ್ಲಗಿನ್ನೂ ಇಲ್ಲದಿದ್ದರೂ ಹಾಡು ತೆರೆದುಕೊಳ್ಳುತ್ತದೆ.

ಪ್ರಶ್ನೆ: ಸ್ಟೈನ್‌ಬರ್ಗ್‌ನ ಹಳೆಯ ಲೈಸೆನ್ಸ್ ವ್ಯವಸ್ಥೆಯಾದ ಇ-ಲೈಸೆನ್ಸರ್‌ನ ಡಾಂಗಲ್ ಸಹಿತ ಕ್ಯೂಬೇಸ್ 10 ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಬೇಡ. ಇ-ಲೈಸೆನ್ಸರ್ ಸೇವೆ 2025ರ ಮೇ 20ಕ್ಕೆ ನಿಂತಿದೆ. ಡಾಂಗಲ್ ಒಳಗಿರುವ ಲೈಸೆನ್ಸ್ ಈಗಲೂ ಕೆಲಸ ಮಾಡುತ್ತದೆ, ಆದರೆ ಅದನ್ನು ಮತ್ತೊಂದು ಡಾಂಗಲ್‌ಗೆ ದಾಟಿಸಲು ದಾರಿಯಿಲ್ಲ. ಆ ಡಾಂಗಲ್ ಕೆಟ್ಟ ದಿನವೇ ನಿಮ್ಮ ದುಡ್ಡೂ ಮುಳುಗುತ್ತದೆ.