ಸಲ್ಫೇಟ್ ಲವಣದಲ್ಲಿ ಕ್ಲೋರೈಡ್ ಕಾಣಿಸಿಕೊಂಡರೆ

ಮೆಗ್ನೀಸಿಯಂ ಸಲ್ಫೇಟ್ ಎಂದು ಕೊಟ್ಟ ಲವಣದ ದ್ರಾವಣವು ಬೇರಿಯಂ ಕ್ಲೋರೈಡಿಗೂ (ಸಲ್ಫೇಟಿನ ಪರೀಕ್ಷೆ) ಸಿಲ್ವರ್ ನೈಟ್ರೇಟಿಗೂ (ಕ್ಲೋರೈಡಿನ ಪರೀಕ್ಷೆ) ಬಿಳಿ ಪ್ರಕ್ಷೇಪ, ಅಂದರೆ ಕರಗದೆ ಬೇರ್ಪಡುವ ಘನ, ಕೊಟ್ಟಿತು, ಲವಣ ಕಲಬೆರಕೆಯೇ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ಪಿಯು ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುವ ನಾನು ಲವಣಕ್ಕಿಂತ ಮೊದಲು ನೀರನ್ನು ಅನುಮಾನಿಸುತ್ತೇನೆ. (ಎರಡನ್ನೂ ಒಂದೇ ಪ್ರನಾಳಕ್ಕೆ ಹಾಕಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ, ಕ್ಲೋರೈಡನ್ನು ತಂದದ್ದು ಬೇರಿಯಂ ಕ್ಲೋರೈಡೇ.)

ಸಿಲ್ವರ್ ನೈಟ್ರೇಟ್ ಕ್ಲೋರೈಡಿನೊಂದಿಗೆ ಕೊಡುವ ಬಿಳಿ ಸಿಲ್ವರ್ ಕ್ಲೋರೈಡ್ ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2 ಮಿಲಿಗ್ರಾಂ ಮಾತ್ರ. ಆದರೆ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂವರೆಗೂ ಕ್ಲೋರೈಡ್ ಇರಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ಹಾಗಾಗಿ ಬೋರ್‌ವೆಲ್ ನೀರಾಗಲಿ, ಕ್ಲೋರಿನ್ ಬೆರೆಸಿ ಬಿಡುವ ಕಾವೇರಿ ನಲ್ಲಿ ನೀರಾಗಲಿ, ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಾಗಲಿ, ಕುಡಿಯಲು ಎಷ್ಟೇ ಚೆನ್ನಾಗಿದ್ದರೂ ಈ ಪರೀಕ್ಷೆಗೆ ಬಾರದು. ಪ್ರಕ್ಷೇಪ ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿತೆಂದು ಲವಣದಲ್ಲಿ ಕ್ಲೋರೈಡ್ ಇದೆಯೆಂದು ಬರೆದುಬಿಡಬೇಡಿ. ಅದು ಸಿಲ್ವರ್ ಕ್ಲೋರೈಡ್ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಕ್ಲೋರೈಡ್ ಬಂದದ್ದು ಎಲ್ಲಿಂದ ಎಂಬುದಲ್ಲ.

ಲವಣ ಹಾಕದೆ, ನೀವು ಬಳಸಿದ ನೀರಿಗೇ ಸಾರರಿಕ್ತ ನೈಟ್ರಿಕ್ ಆಮ್ಲ ಮತ್ತು ಸಿಲ್ವರ್ ನೈಟ್ರೇಟ್ ಸೇರಿಸಿ ನೋಡಿ. ಅದೂ ಕದಡಿದರೆ ಉತ್ತರ ಸಿಕ್ಕಿತು. ಆಮ್ಲದ ಬಾಟಲಿಯ ಚೀಟಿಯನ್ನು ಓದಿಯೇ ಎತ್ತಿಕೊಳ್ಳಿ, ಏಕೆಂದರೆ ಅವಸರದಲ್ಲಿ ಪಕ್ಕದ ಹೈಡ್ರೋಕ್ಲೋರಿಕ್ ಆಮ್ಲ ಕೈಗೆ ಬಂದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಪ್ರನಾಳವನ್ನು ಕೊನೆಯ ಸಲ ಬಟ್ಟಿ ಇಳಿಸಿದ ನೀರಿನಲ್ಲೇ ತೊಳೆಯಿರಿ.

ಇಷ್ಟಾದರೂ ಅನುಮಾನ ಉಳಿದರೆ ಕ್ರೋಮಿಲ್ ಕ್ಲೋರೈಡ್ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಒಣ ಪ್ರನಾಳದಲ್ಲಿ ಒಣ ಲವಣ, ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಬಿಸಿ ಮಾಡುವ ಈ ಪರೀಕ್ಷೆಯಲ್ಲಿ ನಲ್ಲಿ ನೀರಿಗೆ ಜಾಗವೇ ಇಲ್ಲ. ಕ್ಲೋರೈಡ್ ಇದ್ದರೆ ಕಡುಗೆಂಪು ಆವಿ ಏಳುತ್ತದೆ, ಅದನ್ನು ಸೋಡಿಯಂ ಹೈಡ್ರಾಕ್ಸೈಡಿಗೆ ಹಾಯಿಸಿದರೆ ದ್ರಾವಣ ಹಳದಿಯಾಗುತ್ತದೆ. ಆವಿ ವಿಷಕಾರಿಯಾದ್ದರಿಂದ ಚಿಟಿಕೆಯಷ್ಟೇ ಲವಣ ಸಾಕು, ಅಧ್ಯಾಪಕರು ಪಕ್ಕದಲ್ಲಿರಲಿ.

ಕ್ಯಾಟಯಾನಿನ (ಲವಣದ ಧನ ಅಯಾನಿನ, ಇಲ್ಲಿ ಮೆಗ್ನೀಸಿಯಂನ) ಭಾಗವನ್ನೂ ಅದೇ ನೀರಿನಲ್ಲಿ ಮಾಡಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೊಮ್ಮೆ ಮಾಡಿ. ಗಡಸು ನೀರಿನ ಕ್ಯಾಲ್ಸಿಯಂ ಅಮೋನಿಯಂ ಆಕ್ಸಲೇಟಿಗೆ ಬಿಳಿ ಪ್ರಕ್ಷೇಪ ಕೊಟ್ಟು, ಮೆಗ್ನೀಸಿಯಂ ತಲುಪುವ ಮೊದಲೇ ನಿಮ್ಮನ್ನು ಐದನೇ ಗುಂಪಿನಲ್ಲಿ (ಕ್ರಮವಾಗಿ ಪರೀಕ್ಷಿಸುವ ಕ್ಯಾಟಯಾನ್ ಗುಂಪುಗಳಲ್ಲಿ ಕ್ಯಾಲ್ಸಿಯಂ ಇರುವುದು) ನಿಲ್ಲಿಸಬಹುದು.