ಮಾಸಿದ ಅಂಕಿಯನ್ನು ಕೆರೆಸಬೇಕೆ?

ಪ್ರಶ್ನೆ: ನಮ್ಮ ತಂದೆಯವರು 1970ರ ದಶಕದ ಆರಂಭದಲ್ಲಿ ಮದ್ರಾಸಿನ ಬಳಿಯ ಶೋಲಾವರಂ ರೇಸುಗಳಲ್ಲಿ ಓಡಿಸಿದ ಫಿಯೆಟ್ 1100 ಕಾರು ಹಿತ್ತಲ ಶೆಡ್ಡಿನಲ್ಲಿದೆ. ಹಿಂದಿನ ಸೀಟು ಆಗಲೇ ತೆಗೆಸಿದ್ದರು. ಬಾಗಿಲ ಮೇಲೆ ಕುಂಚದಿಂದ ಬರೆದ 27 ಎಂಬ ಅಂಕಿ ಅರ್ಧ ಮಾಸಿದೆ. ಎಡ ಮಡ್‌ಗಾರ್ಡ್ ನೆಗ್ಗಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಮಿಸ್ತ್ರಿಯೊಬ್ಬರು ಬಣ್ಣವೆಲ್ಲ ಕೆರೆದು, ಟಿಂಕರಿಂಗ್ ಮಾಡಿ, ಶೋರೂಮಿನಿಂದ ಬಂದಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ನನ್ನ ತಮ್ಮನಿಗೆ ಅದು ಒಪ್ಪಿಗೆಯಿಲ್ಲ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ತಮ್ಮನ ಮಾತು ಕೇಳಿ. ಆ ಅಂಕಿಯ ಅಂಚಿನಲ್ಲಿ ಬಣ್ಣ ಸಿಡಿದಿರುವ ಕಡೆ ಭೂತಗನ್ನಡಿ ಹಿಡಿದು ನೋಡಿ. ಅಡಿಯ ಪದರದಲ್ಲಿ ಬೇರೊಂದು ಅಂಕಿಯ ಗೆರೆ ಕಂಡರೆ, ಅದು ಇನ್ನೊಂದು ಸ್ಪರ್ಧೆಯ ಗುರುತಾಗಿರಬಹುದು. ಮರಳುಕಾಗದ ಮೊದಲು ತಿನ್ನುವುದು ಇದನ್ನೇ. ನೆಗ್ಗು ಯಾವಾಗ, ಹೇಗೆ ಆಯಿತೆಂದು ತಂದೆಯವರಿಂದ ಕೇಳಿ ಬರೆದಿಡಿ.

ರೇಸ್ ಕಾರಿನ ಮಟ್ಟಿಗೆ ‘ಮೂಲ’ ಎಂಬ ಮಾತೇ ಗೋಜಲು ಎಂಬುದನ್ನು ಒಪ್ಪುತ್ತೇನೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಕಾರ್ ಸ್ಪರ್ಧೆ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಕೊಳ್ಳಲು ಒಪ್ಪಿದ್ದವರು, ಗೆದ್ದ ದಿನದ ಭಾಗಗಳು ಅದರಲ್ಲಿ ಹೆಚ್ಚೇನೂ ಉಳಿದಿಲ್ಲವೆಂದು ಹಿಂದೆ ಸರಿದಾಗ ವ್ಯಾಜ್ಯ ಲಂಡನ್ನಿನ ಹೈಕೋರ್ಟಿಗೆ ಹೋಯಿತು. 1990ರಲ್ಲಿ ನ್ಯಾಯಾಧೀಶರು, ಭಾಗಗಳು ಬದಲಾಗುತ್ತ ಬಂದರೂ ಕಾರಿನ ಇತಿಹಾಸ ಎಲ್ಲಿಯೂ ಕಡಿದಿಲ್ಲವಾದ್ದರಿಂದ ಆ ಹೆಸರು ಅದಕ್ಕೇ ಸಲ್ಲುತ್ತದೆ ಎಂದು ತೀರ್ಪಿತ್ತರು. ನಿಮ್ಮ ತಂದೆಯವರು ಸೀಟು ತೆಗೆಸಿದ್ದು ಅಂಥ ಇತಿಹಾಸವೇ. ಶೋರೂಮಿನ ಹೊಳಪು ತಂದರೆ ಮರಳಿ ಬರುವುದು ರೇಸಿಗೆ ಮುಂಚಿನ ಯಾವುದೋ ಒಂದು ಫಿಯೆಟ್. ಅಂಥವು ಊರೂರಿನಲ್ಲಿ ಇದ್ದವು.

ಹಾಗೆಂದು ಜೀವಕ್ಕೆ ಸಂಬಂಧಿಸಿದ್ದನ್ನು ಹಳೆಯದಾಗಿಯೇ ಇಡುವುದು ಹುಚ್ಚುತನ. ಕಾರನ್ನು ಓಡಿಸುವುದಾದರೆ ಬ್ರೇಕಿನ ಹೋಸು ಮತ್ತು ರಬ್ಬರುಗಳು, ಪೆಟ್ರೋಲ್ ಪೈಪು, ಟೈರು, ಬಿರುಕು ಬಿಟ್ಟ ವೈರಿಂಗ್ ಹೊಸದಾಗಲೇಬೇಕು. ತೆಗೆದ ಭಾಗಗಳಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ತುಕ್ಕು ತಳದ ತಗಡನ್ನು ತೂತು ಮಾಡಿದ್ದರೆ ಅಷ್ಟಕ್ಕೆ ಮಾತ್ರ ತೇಪೆ ವೆಲ್ಡ್ ಮಾಡಿಸಿ, ಆ ಮಿಸ್ತ್ರಿಯವರ ಕೈಚಳಕ ನಿಜವಾಗಿ ಬೇಕಾದದ್ದು ಅಲ್ಲಿಯೇ. ಧಾರವಾಡದ ಮಳೆಗಾಲದಲ್ಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಬೇಡಿ, ಒಳಗೆ ತೇವ ನಿಲ್ಲುತ್ತದೆ; ಹತ್ತಿಯ ಬಟ್ಟೆ ಸಾಕು. ಬಹುಕಾಲ ನಿಂತ ಎಂಜಿನ್ನನ್ನು ಸೆಲ್ಫ್ ಹೊಡೆದು ಎಬ್ಬಿಸಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದೆರಡು ದಿನ ಕಳೆದ ಮೇಲೆ ಹ್ಯಾಂಡಲ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ.

ಇನ್ನೊಂದು ಮಾತು. 2021ರ ಕೇಂದ್ರ ನಿಯಮದ ಪ್ರಕಾರ, 50 ವರ್ಷ ದಾಟಿದ, ಶಾಸಿ (ಅಡಿಯ ಚೌಕಟ್ಟು), ಬಾಡಿ ಶೆಲ್ (ತಗಡಿನ ಹೊರಮೈ) ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕಷ್ಟೇ ವಿಂಟೇಜ್ ನೋಂದಣಿ ಸಿಗುತ್ತದೆ. ರೇಸಿಗಾಗಿ ಶೆಲ್ ಕತ್ತರಿಸಿದ್ದರೆ ಅಥವಾ ಎಂಜಿನ್ ಬದಲಿಸಿದ್ದರೆ ತಕರಾರು ಬರಬಹುದು. ಆದ್ದರಿಂದ ಎಲ್ಲ ಕಡೆಯಿಂದ ಫೋಟೊ ತೆಗೆದು, ಆರ್.ಸಿ. ಪುಸ್ತಕದೊಡನೆ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿದ ಬಳಿಕವೇ ಒಂದಾದರೂ ಬೋಲ್ಟು ಬಿಚ್ಚಿಸಿ.