ರೋ ಜಿಂಕೆಗೂ ಕೆಂಪು ಜಿಂಕೆಗೂ ಒಂದೇ ತೋಟಾ ಸಾಕೇ?

ನಮಸ್ಕಾರ. ನೀವು ಸ್ಕಾಟ್ಲೆಂಡಿಗೆ ಬಂದು ನಾಲ್ಕು ವರ್ಷವಾಗಿದೆ, ಪೊಲೀಸರಿಂದ ಲೈಸೆನ್ಸ್ ಸಿಕ್ಕಿದೆ, .308 (ಗುಂಡಿನ ದಪ್ಪ ಇಂಚಿನಲ್ಲಿ) ಬೋಲ್ಟ್ ರೈಫಲ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. ಕಾಡಂಚಿನ ರೋ ಜಿಂಕೆಗೂ ಗುಡ್ಡದ ಕೆಂಪು ಜಿಂಕೆಗೂ ಆಗುವ ಒಂದೇ ತೋಟಾ ಯಾವುದು ಅಂತ ಕೇಳಿದ್ದೀರಿ. ಅಂಗಡಿಯಲ್ಲಿ 130 ಗ್ರೇನ್‌ನಿಂದ 180 ಗ್ರೇನ್‌ವರೆಗಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಪೆಟ್ಟಿಗೆಗಳನ್ನು ನೋಡಿ ಗಲಿಬಿಲಿ ಆಯಿತು ಅಂದಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. 150 ಗ್ರೇನ್ ತಾಮ್ರದ ಗುಂಡು ತಗೊಳ್ಳಿ. ಎರಡು ಮೂರು ಕಂಪನಿಗಳದ್ದು ಹೊಡೆದು ನೋಡಿ. ನಿಮ್ಮ ರೈಫಲ್‌ಗೆ ಒಗ್ಗಿದ್ದನ್ನು ಆರಿಸಿ, ಆಮೇಲೆ ಅದನ್ನು ಬದಲಾಯಿಸಬೇಡಿ. ಈ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಅದನ್ನು ನಾನು ಕಷ್ಟಪಟ್ಟು ಕಲಿತೆ.

ನಾನು ಕೊಪ್ಪದ ಕಡೆಯವನು. ಅಜ್ಜನ ಮನೆಯಲ್ಲಿ ತೋಟ ಕಾಯಲು ಕೇಪಿನ ಕೋವಿ ಇತ್ತು. ಕೋವಿ ಎಂದರೆ ಚರೆ, ಮಸಿ, ದೊಡ್ಡ ಸದ್ದು, ಅಷ್ಟೇ ನನಗೆ ಗೊತ್ತಿದ್ದದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ, ಅದು ಸರಿಯಾದದ್ದೇ. ಇಲ್ಲಿನ ಲೆಕ್ಕ ಬೇರೆ. ತೋಳಗಳು ಅಳಿದು ಶತಮಾನಗಳಾದವು, ಜಿಂಕೆಯನ್ನು ಹಿಡಿಯುವ ಪ್ರಾಣಿ ಉಳಿದಿಲ್ಲ. ನೆಟ್ಟ ಸಸಿ ಮೇಲೇಳಬೇಕಾದರೆ ಯಾರಾದರೂ ಸಂಖ್ಯೆ ಕಡಿಮೆ ಮಾಡಲೇಬೇಕು. ಹದಿನಾಲ್ಕು ವರ್ಷದಿಂದ ಪರ್ತ್‌ಶೈರ್‌ನಲ್ಲಿದ್ದೇನೆ. ಚಳಿಗಾಲದಲ್ಲಿ ಪಕ್ಕದ ಎಸ್ಟೇಟ್‌ನವರ ಜೊತೆ ಹೆಣ್ಣು ಜಿಂಕೆ ಹೊಡೆಯಲು ಹೋಗುತ್ತೇನೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಸ್ಕಾಟ್ಲೆಂಡಿನಲ್ಲಿ ಕೆಂಪು ಜಿಂಕೆ, ಸೀಕಾ, ಫ್ಯಾಲೋ ಎಂಬ ದೊಡ್ಡ ಜಿಂಕೆಗಳಿಗೆ ನಳಿಗೆಯಿಂದ ಹೊರಬರುವಾಗ ಗುಂಡಿನ ವೇಗ ಸೆಕೆಂಡಿಗೆ 2,450 ಅಡಿ, ಶಕ್ತಿ 1,750 ಅಡಿ-ಪೌಂಡ್ (ಹೊಡೆತದ ಬಲದ ಅಳತೆ) ಇರಲೇಬೇಕು. ಗುಂಡಿನ ತೂಕ ಮೊದಲು ಕನಿಷ್ಠ 100 ಗ್ರೇನ್ ಇತ್ತು. ಸೀಸವಿಲ್ಲದ ಗುಂಡಿಗೆ ಅನುಕೂಲವಾಗಲಿ ಅಂತ 2023ರಲ್ಲಿ 80ಕ್ಕೆ ಇಳಿಸಿದರು. ರೋ ಜಿಂಕೆಗೆ 50 ಗ್ರೇನ್, 1,000 ಅಡಿ-ಪೌಂಡ್ ಸಾಕು. ಎಲ್ಲಕ್ಕೂ ಗುಂಡು ಒಳಹೊಕ್ಕ ಮೇಲೆ ಅರಳುವಂಥದ್ದೇ ಆಗಬೇಕು. ಗುರಿ ಅಭ್ಯಾಸಕ್ಕೆ ಮಾರುವ, ಪೂರ್ತಿ ಲೋಹದ ಕವಚವಿರುವ ಅಗ್ಗದ ಗುಂಡು ಸೂಜಿಯಂತೆ ತೂರಿ ಹೋಗುತ್ತದೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಅದನ್ನು ಗುಡ್ಡಕ್ಕೆ ಒಯ್ಯಲೇಬೇಡಿ. ಇಂಗ್ಲೆಂಡಿಗೆ ಹೋದರೆ ನಿಯಮ ಸ್ವಲ್ಪ ಬೇರೆ: ಕ್ಯಾಲಿಬರ್ (ನಳಿಗೆಯ ಒಳಅಗಲ) .240 ಅಥವಾ ಮೇಲೆ, 1,700 ಅಡಿ-ಪೌಂಡ್.

ನಿಮ್ಮ .308 ಈ ಗೆರೆಗಳನ್ನೆಲ್ಲ ಸುಲಭವಾಗಿ ದಾಟುತ್ತದೆ. 150 ಗ್ರೇನ್ ಎಂದರೆ ಹತ್ತು ಗ್ರಾಂಗೆ ಸ್ವಲ್ಪ ಕಡಿಮೆ. ಕಾರ್ಖಾನೆಯ ತೋಟಾದಲ್ಲಿ ಅದರ ವೇಗ ಸಾಮಾನ್ಯವಾಗಿ 2,800 ಅಡಿಯ ಆಸುಪಾಸು, ಶಕ್ತಿ 2,600 ಅಡಿ-ಪೌಂಡ್ ಹತ್ತಿರ. ನಳಿಗೆ ಗಿಡ್ಡ ಇದ್ದರೂ ಚಿಂತೆಯಿಲ್ಲ. ಇದಕ್ಕಿಂತ ಸಣ್ಣ ಗುಂಡಿನ .243 ರೈಫಲ್ ಇಟ್ಟುಕೊಂಡವರಿಗೆ ಈ ನೆಮ್ಮದಿ ಕಡಿಮೆ. 100 ಗ್ರೇನ್ ಗುಂಡು 1,750 ಮುಟ್ಟಬೇಕಾದರೆ ವೇಗ 2,807 ಅಡಿ ಬೇಕು. ಪೆಟ್ಟಿಗೆಯ ಮೇಲೆ 2,960 ಅಂತ ಬರೆದಿರುತ್ತದೆ. ಆದರೆ ಅದು 24 ಇಂಚಿನ ನಳಿಗೆಯಲ್ಲಿ ಅಳೆದದ್ದು. 18 ಇಂಚಿನ ನಳಿಗೆಯಲ್ಲಿ ಅಷ್ಟು ಬರುವುದಿಲ್ಲ, ಗೆರೆಯ ಅಂಚಿಗೆ ಬಂದು ನಿಲ್ಲುತ್ತದೆ. .243 ಕೆಟ್ಟದ್ದು ಅಂತಲ್ಲ. ಒದೆತ ಕಡಿಮೆ, ಹೊಸಬರಿಗೆ ಬಹಳ ಒಳ್ಳೆಯದು. ಅಳೆದು ನೋಡಿ ಬಳಸಬೇಕು ಅಷ್ಟೇ.

ಹಾಗಾದರೆ 180 ಯಾಕೆ ಬೇಡ? ಇಲ್ಲಿನ ಜಿಂಕೆಗೆ ಅಷ್ಟು ಭಾರ ಬೇಕಾಗಿಲ್ಲ. ಭಾರ ಜಾಸ್ತಿಯಾದರೆ ಒದೆತ ಜಾಸ್ತಿ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತಾನೆ. ಇನ್ನು ರೋ ಜಿಂಕೆ ಸಣ್ಣ ಪ್ರಾಣಿ, ಇಪ್ಪತ್ತೈದು ಕಿಲೋ ತೂಗಿದರೆ ಅದೇ ದೊಡ್ಡದು. ಗಟ್ಟಿ ಗುಂಡು ಅದರೊಳಗೆ ಪೂರ್ತಿ ಅರಳುವ ಮೊದಲೇ ಆಚೆ ಹೋಗಿರುತ್ತದೆ. ಬೇಗ ಒಡೆಯುವ ಹಗುರ ಸೀಸದ ಗುಂಡಿನ ತೊಂದರೆ ಬೇರೆ. ಹತ್ತಿರದಿಂದ ಭುಜಕ್ಕೆ ಬಿದ್ದರೆ ಮುಂಗಾಲಿನ ಮಾಂಸವೆಲ್ಲ ರಕ್ತ ಕಟ್ಟಿ ಹಾಳಾಗುತ್ತದೆ. 150 ಈ ಎರಡರ ನಡುವಿನ ಹದ.

ತಾಮ್ರ ಯಾಕೆ ಅಂತ ಕೇಳಬಹುದು. ಹಳಬರು ಈಗಲೂ ಸೀಸವೇ ಸರಿ ಅನ್ನುತ್ತಾರೆ. ಸೀಸದ ಗುಂಡು ಚೆನ್ನಾಗಿ ಕೆಲಸ ಮಾಡುತ್ತದೆ, ನಾನೂ ವರ್ಷಗಟ್ಟಲೆ ಬಳಸಿದ್ದೇನೆ. ಆದರೆ ಅದು ಒಳಗೆ ಚೂರಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ದೂರದ ಮಾಂಸದಲ್ಲೂ ಸೇರಿಕೊಳ್ಳುತ್ತವೆ. ಆ ಮಾಂಸವನ್ನು ಮಕ್ಕಳಿಗೆ ಬಡಿಸುವವರು ನಾವೇ ಅಲ್ವಾ? ಹೊಟ್ಟೆ ಸೀಳಿ ಗುಡ್ಡದಲ್ಲಿ ಬಿಟ್ಟು ಬಂದ ಕರುಳನ್ನು ಹದ್ದುಗಳು ತಿನ್ನುತ್ತವೆ, ಅವಕ್ಕೂ ಅದು ವಿಷ. ಬ್ರಿಟನ್ ಸರ್ಕಾರ ಬೇಟೆಯ ದೊಡ್ಡ ಕ್ಯಾಲಿಬರ್ ಸೀಸದ ಗುಂಡುಗಳನ್ನು ನಿಲ್ಲಿಸುವುದಾಗಿ 2025ರ ಜುಲೈನಲ್ಲಿ ಹೇಳಿಯೂ ಆಗಿದೆ. ಹೊಸದಾಗಿ ಶುರು ಮಾಡುವ ನೀವು ಸೀಸದಲ್ಲಿ ಕೈ ಕುದುರಿಸಿಕೊಂಡು ಮತ್ತೆ ಬದಲಾಯಿಸುವುದು ಸುಮ್ನೆ ಎರಡು ಕೆಲಸ.

ತಾಮ್ರಕ್ಕೆ ಅದರದ್ದೇ ಗುಣವಿದೆ, ತಿಳಿದಿರಲಿ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗಿರುತ್ತದೆ. ಉದ್ದದ ಗುಂಡು ನೆಟ್ಟಗೆ ಹೋಗಲು ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳಿಗೆ ಜಾಸ್ತಿ ತಿರುಪು ಬೇಕು. ನಿಮ್ಮ ನಳಿಗೆ 12 ಇಂಚಿಗೆ ಒಂದು ಸುತ್ತಿನದಾಗಿದ್ದರೆ 150ಕ್ಕಿಂತ ಮೇಲೆ ಹೋಗಬೇಡಿ, 130 ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇನ್ನೊಂದು, ತಾಮ್ರ ಅರಳಲು ವೇಗ ಬೇಕು. ಪ್ರಾಣಿಗೆ ತಗಲುವಾಗ 2,000 ಅಡಿಗಿಂತ ಮೇಲಿರಲಿ ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. 200 ಗಜದೊಳಗೆ .308ಗೆ ಅದು ಸಮಸ್ಯೆಯೇ ಅಲ್ಲ. ಅದಕ್ಕಿಂತ ದೂರ ನೀವು ಹೊಡೆಯಲೂ ಬಾರದು. ಹಿಂದಿನ ಮಾಲೀಕರು ಸೀಸದ ಗುಂಡು ಬಳಸುತ್ತಿದ್ದರೆ, ತಾಮ್ರ ಹಾಕುವ ಮೊದಲು ನಳಿಗೆಯನ್ನು ಹೊಳೆಯುವ ಹಾಗೆ ತೊಳೆಯಿರಿ. ಇಲ್ಲದಿದ್ದರೆ ಗುಂಡುಗಳು ಚದುರುತ್ತವೆ, ನೀವು ತೋಟಾವನ್ನು ಬೈಯುತ್ತೀರಿ.

ಇನ್ನು ಬದಲಾಯಿಸಬೇಡಿ ಅಂದೆನಲ್ಲ, ಅದರ ಕಥೆ. ನನ್ನ ಎರಡನೇ ಚಳಿಗಾಲ. ನಾನು ಬಳಸುತ್ತಿದ್ದ ತೋಟಾ ಅಂಗಡಿಯಲ್ಲಿ ಖಾಲಿಯಾಗಿತ್ತು. ಬೇರೆ ಕಂಪನಿಯದ್ದು ತಗೊಂಡೆ. ಅದೂ 150 ಗ್ರೇನ್, ತೂಕ ಒಂದೇ ಅಲ್ವಾ ಅಂದುಕೊಂಡೆ. ಗುರಿ ಪರೀಕ್ಷೆ ಮಾಡದೆ ನೇರ ಕಾಡಿಗೆ ಹೋದೆ. ಜನವರಿಯ ಸಂಜೆ, ಸ್ಪ್ರೂಸ್ ಮರಗಳ ಅಂಚಿನಲ್ಲಿ ಒಂದು ಹೆಣ್ಣು ರೋ, 120 ಗಜ. ಈಡು ಹೊಡೆದೆ. ಅದು ಬೆನ್ನು ಬಗ್ಗಿಸಿ ಮರಗಳ ಒಳಗೆ ಓಡಿತು. ಬೆನ್ನು ಬಗ್ಗಿಸಿದರೆ ಹೊಟ್ಟೆಗೆ ಬಿದ್ದಿದೆ ಅಂತ ಅರ್ಥ. ಪಕ್ಕದವರ ನಾಯಿ ಅದನ್ನು ಹುಡುಕುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಇನ್ನೂ ಬದುಕಿತ್ತು. ಟಾರ್ಚ್ ಬೆಳಕಿನಲ್ಲಿ ನನ್ನ ಕಡೆ ತಿರುಗಿದ ಆ ಮುಖ ಇವತ್ತಿಗೂ ನೆನಪಿದೆ. ಮರುದಿನ ಅದೇ ಪೆಟ್ಟಿಗೆಯಿಂದ ಮೂರು ಗುಂಡು ಹಲಗೆಗೆ ಹೊಡೆದೆ. ಮೂರೂ ಒಂದೇ ಕಡೆ ಬಿದ್ದವು, ಆದರೆ ನನ್ನ ಗುರಿಯಿಂದ ಮೂರೂವರೆ ಇಂಚು ಪಕ್ಕಕ್ಕೆ. ತೋಟಾದಲ್ಲಿ ತಪ್ಪಿರಲಿಲ್ಲ, ನಾನು ನೋಡಿಕೊಂಡಿರಲಿಲ್ಲ.

ಆದ್ದರಿಂದ ಹೀಗೆ ಮಾಡಿ. ಮೂರು ಕಂಪನಿಗಳ ಒಂದೊಂದು ಪೆಟ್ಟಿಗೆ ತನ್ನಿ. ಬಾರ್ನ್ಸ್, ಸಾಕೋ, ನೋರ್ಮಾ ಯಾವುದಾದರೂ ಆಗಲಿ, ಹೆಸರು ನೋಡಬೇಡಿ. 100 ಗಜದಲ್ಲಿ ಮಲಗಿ, ಒಂದೊಂದರಲ್ಲೂ ಮೂರು ಮೂರು ಗುಂಡು, ನಡುವೆ ನಳಿಗೆ ತಣ್ಣಗಾಗಲು ಬಿಟ್ಟು ಹೊಡೆಯಿರಿ. ನನ್ನ ರೈಫಲ್ ದುಬಾರಿ ತೋಟಾವನ್ನು ಚದುರಿಸಿತು, ಅಗ್ಗದ್ದನ್ನು ಒಂದೂವರೆ ಇಂಚಿನೊಳಗೆ ಕೂರಿಸಿತು. ಪಕ್ಕದವರ ಅದೇ ಮಾಡೆಲ್ ರೈಫಲ್‌ನಲ್ಲಿ ಉಲ್ಟಾ. ಗೆದ್ದದ್ದನ್ನು ಒಂದೇ ಲಾಟ್ ನಂಬರಿನಲ್ಲಿ (ಒಂದೇ ಸಲ ತಯಾರಾದದ್ದು), ನಿಮ್ಮ ಲೈಸೆನ್ಸ್‌ನಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅಂತಿದೆಯೋ ಅಷ್ಟು ಕೊಂಡುಬಿಡಿ. 100 ಗಜದಲ್ಲಿ ಒಂದೂವರೆ ಇಂಚು ಮೇಲೆ ಬೀಳುವ ಹಾಗೆ ಝೀರೋ ಮಾಡಿದರೆ, ಅಂದರೆ ರೈಫಲ್‌ನ ಗುರಿ ಹೊಂದಿಸಿದರೆ, 200 ಗಜದಲ್ಲಿ ಇಂಚಿನಷ್ಟು ಮಾತ್ರ ಕೆಳಗಿರುತ್ತದೆ. ಮನಸ್ಸಿನಲ್ಲಿ ಲೆಕ್ಕ ಹಾಕುವ ಗೊಡವೆ ಇಲ್ಲ. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಎತ್ತರಕ್ಕೆ ಹಿಡಿಯಿರಿ. ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಹೊಡೆಯಬೇಡಿ, ತಾಮ್ರದ ಗುಂಡು ಸಾಮಾನ್ಯವಾಗಿ ಆಚೆ ತೂರಿ ಹೋಗುತ್ತದೆ.

ಹೆಣ್ಣು ಜಿಂಕೆಯ ಸೀಸನ್ ಅಕ್ಟೋಬರ್ 21ಕ್ಕೆ ಶುರು. ಅಷ್ಟರೊಳಗೆ ಇದೆಲ್ಲ ಮುಗಿಸಿಕೊಳ್ಳಬಹುದು. ನಿಮ್ಮ ನಳಿಗೆಯ ಉದ್ದ ಎಷ್ಟು, ತಿರುಪು ಎಷ್ಟು ಅಂತ ಇಲ್ಲೇ ಬರೆಯಿರಿ. 130 ಸರಿಯೋ 150 ಸರಿಯೋ ನೋಡಿ ಹೇಳುತ್ತೇನೆ.